ಕೆರಿಬಿಯನ್ ಕ್ರೂಸ್: ಪ್ರತಿ ಬಂದರಿನಲ್ಲೂ ಹಡಗಿನವರ ಟೂರ್ ತೆಗೆದುಕೊಳ್ಳಬೇಕೇ?

ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ಹಡಗು ಹತ್ತಿ ಸೇಂಟ್ ಲೂಸಿಯಾ, ಆಂಟಿಗುವಾ ಮತ್ತು ಸೇಂಟ್ ಕಿಟ್ಸ್ ದ್ವೀಪಗಳನ್ನು ನೋಡಲು ಹೊರಟಿದ್ದೀರಿ, ಜೊತೆಗೆ ವಯಸ್ಸಾದ ತಂದೆ-ತಾಯಿ ಇದ್ದಾರೆ, ಪ್ರತಿ ಬಂದರಿನಲ್ಲೂ ಹಡಗಿನವರ ಟೂರ್ ಬೇಕೇ ಎಂದು ಕೇಳಿದ್ದೀರಿ. ಎಲ್ಲ ಕಡೆಯೂ ಬೇಕಿಲ್ಲ. ನನ್ನ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋದಾಗ, ಜೆಟ್ಟಿಯಿಂದ ನಡೆದು ಅಥವಾ ಅರ್ಧ-ಮುಕ್ಕಾಲು ಗಂಟೆಯೊಳಗೆ ಟ್ಯಾಕ್ಸಿಯಲ್ಲಿ ತಲುಪಬಹುದಾದ ಸ್ಥಳಗಳಿಗೆ ನಾವೇ ಹೋದೆವು. ದೂರದ, ಘಟ್ಟದಂಥ ದಾರಿಯಿರುವ ಕಡೆಗೆ ಮಾತ್ರ ಹಡಗಿನವರ ಟೂರ್ ಹಿಡಿದೆವು. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ನಿಮ್ಮನ್ನು ತಲುಪಿಸುವ ಏರ್ಪಾಡನ್ನು ಅವರೇ ಮಾಡುತ್ತಾರೆ. ನಿಮ್ಮ ಟ್ಯಾಕ್ಸಿ ತಡವಾದರೆ ಹಡಗು ಹೊರಟುಹೋಗಿರುತ್ತದೆ.

ಸ್ಯಾನ್ ಹುವಾನ್‌ಗೆ ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ. ಸ್ಪೇನಿನವರು 1539ರಲ್ಲಿ ಕಟ್ಟಲು ಆರಂಭಿಸಿದ ಎಲ್ ಮೊರೊ ಕೋಟೆಯನ್ನೂ ನೀಲಿ ಛಾಯೆಯ ಕಲ್ಲುಹಾಸಿನ ಹಳೆಯ ಬೀದಿಗಳನ್ನೂ ನೋಡಲು ಟೂರ್ ಬೇಕಾಗಿಲ್ಲ. ಆದರೆ ಕೋಟೆಯ ಬಾಗಿಲಿಗೆ ಹೋಗುವ ದಾರಿ ನೆರಳಿಲ್ಲದ ದೊಡ್ಡ ಹುಲ್ಲುಬಯಲನ್ನು ಹಾದುಹೋಗುವುದರಿಂದ, ಹಿರಿಯರನ್ನು ಬೆಳಗ್ಗೆಯೇ ಕರೆದುಕೊಂಡು ಹೋಗುವುದು ಒಳ್ಳೆಯದು.

ಸೇಂಟ್ ಲೂಸಿಯಾದಲ್ಲಿ ನನ್ನ ಸಲಹೆ ಬೇರೆ. ಹಡಗು ನಿಲ್ಲುವುದು ಕ್ಯಾಸ್ಟ್ರೀಸ್‌ನಲ್ಲಿ; ಸಮುದ್ರದಂಚಿನಿಂದ ನೆಟ್ಟಗೆ ಎದ್ದ ಪಿಟಾನ್ ಶಿಖರಗಳು ಮತ್ತು ಕೆಸರು ಕುದಿಯುವ ಗಂಧಕದ ಬುಗ್ಗೆಗಳು ಇರುವುದು ನೈಋತ್ಯದ ಸೂಫ್ರಿಯೇರ್ ಬಳಿ. ದಾರಿಯುದ್ದಕ್ಕೂ ತಿರುವುಗಳು. ಇಲ್ಲಿ ಹಡಗಿನವರ ಟೂರ್‌ಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಬಸ್ಸಿನಲ್ಲಿ ವಾಕರಿಕೆ ಬರುವವರಿದ್ದರೆ ದೋಣಿಯಲ್ಲಿ ಹೋಗುವ ಟೂರ್ ಆರಿಸಿಕೊಳ್ಳಿ.

ಆಂಟಿಗುವಾದ ಸೇಂಟ್ ಜಾನ್ಸ್‌ನಲ್ಲಿ ಜೆಟ್ಟಿಯಿಂದ ಇಳಿದರೆ ಪೇಟೆಯೇ ಎದುರಾಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ಇದೆ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ, ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಬೌಲ್ ಮಾಡಿ, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದ್ದು ಈ ಮೈದಾನದಲ್ಲಿ. ನಾನು ನೋಡಿದ ಟೂರ್ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಕನ್ನಡಿಗರು ಇದನ್ನು ನೋಡದೆ ಹಡಗಿಗೆ ಮರಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಯ ಉಳಿದರೆ ಟ್ಯಾಕ್ಸಿಯಲ್ಲಿ ಬ್ರಿಟಿಷ್ ನೌಕಾಪಡೆಯ ಹಳೆಯ ಹಡಗುಕಟ್ಟೆಯಾದ ನೆಲ್ಸನ್ಸ್ ಡಾಕ್‌ಯಾರ್ಡ್‌ಗೆ ಹೋಗಿಬನ್ನಿ.

ಸೇಂಟ್ ಕಿಟ್ಸ್‌ನಲ್ಲಿ ಬೀಚಿಗಿಂತ ಮೊದಲು ಬ್ರಿಮ್‌ಸ್ಟೋನ್ ಹಿಲ್ ಕೋಟೆಯನ್ನು ನೋಡಿ. ಬ್ರಿಟಿಷ್ ಸೇನಾ ಎಂಜಿನಿಯರುಗಳ ನಕ್ಷೆಯಂತೆ ಆಫ್ರಿಕಾದ ಗುಲಾಮರು ಇದನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ಕಟ್ಟಿದರು. ಗೋಡೆಯ ಹತ್ತಿರ ನಿಂತು ನೋಡಿದರೆ ಜ್ವಾಲಾಮುಖಿಯ ಕಪ್ಪು ಕಲ್ಲನ್ನು ಎಷ್ಟು ಒಪ್ಪವಾಗಿ ಕಡಿದು ಕೂರಿಸಿದ್ದಾರೆ ಎಂಬುದು ಕಾಣುತ್ತದೆ. ಗಾರೆಯ ಸುಣ್ಣವನ್ನೂ ಅದೇ ಗುಡ್ಡದಲ್ಲಿ ಸುಟ್ಟು ತಯಾರಿಸುತ್ತಿದ್ದರು. ಇಷ್ಟು ಚಿಕ್ಕ ದ್ವೀಪಕ್ಕೆ ಇಂಥ ಕೋಟೆ ಬೇಕಾದದ್ದು ಕಬ್ಬಿನಿಂದ ಬರುತ್ತಿದ್ದ ಸಂಪತ್ತಿಗಾಗಿ. ಅಲ್ಲಿನ ಸಕ್ಕರೆ ಉದ್ಯಮ 2005ರಲ್ಲಿ ಮುಚ್ಚಿತು, ಕಬ್ಬು ಸಾಗಿಸುತ್ತಿದ್ದ ರೈಲುಹಳಿಯ ಮೇಲೆ ಈಗ ಪ್ರವಾಸಿಗರ ರೈಲು ಓಡುತ್ತದೆ. ವಾಹನ ನಿಲ್ಲುವ ಜಾಗದಿಂದ ಮೇಲಿನ ಕೋಟೆಗೆ ಮೆಟ್ಟಿಲುಗಳಿವೆ. ಮಂಡಿನೋವಿರುವವರು ಕೆಳಗಿನ ಹಂತದಿಂದಲೂ ಸಮುದ್ರವನ್ನು ನೋಡಬಹುದು.

ಟ್ಯಾಕ್ಸಿ ಹತ್ತುವ ಮುನ್ನ ಹೇಳಿದ ದರ ಇಡೀ ಗಾಡಿಗೋ ತಲೆಗಿಷ್ಟೋ, ಅಮೆರಿಕದ ಡಾಲರೋ ಪೂರ್ವ ಕೆರಿಬಿಯನ್ ಡಾಲರೋ ಎಂದು ಕೇಳಿಕೊಳ್ಳಿ. ಒಂದು ಅಮೆರಿಕನ್ ಡಾಲರಿಗೆ 2.70 ಸ್ಥಳೀಯ ಡಾಲರ್ ಎಂಬ ವಿನಿಮಯ ದರ ಬಹುಕಾಲದಿಂದ ಬದಲಾಗಿಲ್ಲ. ಫೋನಿನ ಗಡಿಯಾರ ಸ್ಥಳೀಯ ಸಮಯಕ್ಕೆ ತಾನಾಗಿ ಬದಲಾಗಬಹುದಾದ್ದರಿಂದ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವನ್ನೇ ನಂಬಿ. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದರಿಂದ, ತಂದೆ-ತಾಯಿಯವರು ಭಾರತದ ಪಾಸ್‌ಪೋರ್ಟಿನಲ್ಲಿ ಬರುವುದಾದರೆ ಹಡಗಿನಿಂದ ಮರಳಿ ಇಳಿಯುವಾಗ ಮತ್ತೆ ಅಮೆರಿಕ ಪ್ರವೇಶಿಸಿದಂತಾಗುತ್ತದೆ. ಆದ್ದರಿಂದ ಅವರ ವೀಸಾ ಮಲ್ಟಿಪಲ್ ಎಂಟ್ರಿಯದೇ ಎಂಬುದನ್ನೂ, ಪ್ರತಿ ದ್ವೀಪದ ವೀಸಾ ನಿಯಮವನ್ನೂ ಟಿಕೆಟ್‌ಗೆ ಹಣ ಕಟ್ಟುವ ಮೊದಲೇ ಕ್ರೂಸ್ ಕಂಪನಿಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.