ಬಿಟಿ ಭತ್ತ ಬಂದರೆ ಜಿಗಿಹುಳು ಹೋಗುತ್ತದೆಯೇ?

ಪ್ರಶ್ನೆ: ಎಂಟು ಎಕರೆಯಲ್ಲಿ ಸೋನಾ ಮಸೂರಿ ಬೆಳೆಯುತ್ತೇವೆ. ಕಳೆದ ಮುಂಗಾರಿನಲ್ಲಿ ಕಂದು ಜಿಗಿಹುಳು ಬಿದ್ದು ಗದ್ದೆಯ ನಡುನಡುವೆ ಬೆಂಕಿ ತಗುಲಿದಂತೆ ಸುಟ್ಟುಹೋಯಿತು. ಐದು ಸಲ ಔಷಧ ಹೊಡೆದರೂ ಪ್ರಯೋಜನವಾಗಲಿಲ್ಲ. ಹತ್ತಿಗೆ ಬಿಟಿ ಬಂದು ಇಪ್ಪತ್ತು ವರ್ಷ ದಾಟಿತು, ಭತ್ತಕ್ಕೆ ಏಕೆ ಬಂದಿಲ್ಲ?
– ಒಬ್ಬ ರೈತ, ಸಿಂಧನೂರು ತಾಲ್ಲೂಕು

ಉತ್ತರ: ಐದು ಸಿಂಪಡಣೆಯ ಹಣವೂ ಹೋಗಿ ಬೆಳೆಯೂ ಹೋಯಿತೆಂದು ಓದಿ ಸಂಕಟವಾಯಿತು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬಿಟಿ ಭತ್ತ ನಾಳೆಯೇ ನಿಮ್ಮೂರಿನ ಬೀಜದ ಅಂಗಡಿಗೆ ಬಂದರೂ ಜಿಗಿಹುಳು ಅದಕ್ಕೆ ಬಗ್ಗುವುದಿಲ್ಲ.

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದರ ಜೀನ್ ಒಂದನ್ನು ಗಿಡಕ್ಕೆ ಸೇರಿಸಿದರೆ ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ. ಎಲೆ, ಕಾಂಡ ತಿಂದ ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಅದು ಚುರುಕಾಗಿ, ಕರುಳಿನ ಗೋಡೆಗೆ ಅಂಟಿ ರಂಧ್ರ ಕೊರೆಯುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಭತ್ತದ ಕಾಂಡ ಕೊರಕಕ್ಕೆ ಇದು ಹೇಳಿ ಮಾಡಿಸಿದ ಉಪಾಯ. ಏಕೆಂದರೆ ಆ ಮರಿ ಮೊಟ್ಟೆಯಿಂದ ಹೊರಬಂದು ಬೇಗನೆ ಕಾಂಡದೊಳಗೆ ಸೇರಿಬಿಡುತ್ತದೆ. ಅಲ್ಲಿಗೆ ಸಿಂಪಡಣೆ ತಲುಪುವುದು ಕಷ್ಟ. ಸುಳಿ ಒಣಗಿದಾಗಲೋ, ಬಿಳಿ ತೆನೆ ಕಂಡಾಗಲೋ ನಮಗೆ ಗೊತ್ತಾಗುವುದು. ಜಿಗಿಹುಳುವಿನ ಜಾತಿಯೇ ಬೇರೆ. ಅದು ಅಗಿಯುವುದಿಲ್ಲ, ಬುಡದಲ್ಲಿ ಕುಳಿತು ರಸ ಹೀರುತ್ತದೆ. ಹತ್ತಿಯಲ್ಲಿ, ಭತ್ತದಲ್ಲಿ ಈವರೆಗೆ ಬಳಸಿರುವ ಬಿಟಿ ಪ್ರೋಟೀನುಗಳು ಅದನ್ನು ತಡೆಯುವುದಿಲ್ಲ.

ಇನ್ನು ಬಿಟಿ ಭತ್ತ ಏಕೆ ಬಂದಿಲ್ಲ ಎಂಬುದು. ಚೀನಾದ ವುಹಾನ್‌ನಲ್ಲಿರುವ ಹುವಾಝೋಂಗ್ ಕೃಷಿ ವಿಶ್ವವಿದ್ಯಾಲಯ ಅಂಥ ಎರಡು ತಳಿಗಳನ್ನು ಸಿದ್ಧಪಡಿಸಿತು. 2009ರಲ್ಲಿ ಅವಕ್ಕೆ ಜೈವಿಕ ಸುರಕ್ಷತಾ ಪ್ರಮಾಣಪತ್ರವೂ ಸಿಕ್ಕಿತು, 2014ರಲ್ಲಿ ನವೀಕರಣವೂ ಆಯಿತು. ಆದರೂ ರೈತರ ಗದ್ದೆಗೆ ಅವು ಅಧಿಕೃತವಾಗಿ ಇಳಿಯಲಿಲ್ಲ. ಹತ್ತಿ ಬಟ್ಟೆಯಾಗುತ್ತದೆ, ಅಕ್ಕಿ ದಿನವೂ ತಟ್ಟೆಗೆ ಬರುತ್ತದೆ. ಜನರ ಅಳುಕು ಅಷ್ಟು ಸುಲಭವಾಗಿ ಕರಗದು. 2006ರಲ್ಲಿ ಅನುಮತಿ ಇಲ್ಲದ ಬಿಟಿ ಅಕ್ಕಿಯ ಅಂಶ ಚೀನಾದಿಂದ ಬಂದ ಆಹಾರದಲ್ಲಿ ಯುರೋಪಿನಲ್ಲಿ ಪತ್ತೆಯಾಗಿ ದೊಡ್ಡ ಗದ್ದಲವಾಯಿತು. ಅಕ್ಕಿ ರಫ್ತು ಮಾಡುವ ನಮ್ಮಂಥ ದೇಶಕ್ಕೆ ಈ ಭಯ ಸಣ್ಣದಲ್ಲ. ನಮ್ಮಲ್ಲಿ ಕಾಡುಭತ್ತವೂ ಇದೆ, ಜೀನ್ ಅದಕ್ಕೆ ದಾಟಬಹುದು. ಮೇಲಾಗಿ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಹೇಗೆ ಒಗ್ಗಿಕೊಂಡಿತು ಎಂಬುದನ್ನು ರಾಯಚೂರು ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ.

ಜಿಗಿಹುಳುವಿಗೆ ದಾರಿ ಭತ್ತದ ಬಂಧುಬಳಗದಲ್ಲೇ ಇದೆ. 1973ರಲ್ಲಿ ಬಂದ ಐಆರ್ 26 ತಳಿಯಲ್ಲಿ ನಿರೋಧಕ ಜೀನ್ ಒಂದಿತ್ತು. ಕೆಲವೇ ವರ್ಷಗಳಲ್ಲಿ ಹುಳು ಅದನ್ನು ಮೀರಿತು. ಆಮೇಲೆ ಕಾಡುಭತ್ತಗಳಿಂದಲೂ ಇಂಥ ಜೀನುಗಳು ಸಿಕ್ಕಿವೆ. ಎರಡು ಮೂರನ್ನು ಒಂದೇ ತಳಿಗೆ ಸಂಕರಣದಿಂದಲೇ ಸೇರಿಸಬಹುದು, ಬೇರೆ ಜೀವಿಯ ಜೀನ್ ಬೇಕಾಗಿಲ್ಲ. ನನ್ನ ಮಟ್ಟಿಗೆ ಸರ್ಕಾರದ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ.

ಅಲ್ಲಿಯವರೆಗೆ ಔಷಧದ ಬಗ್ಗೆಯೇ ಎಚ್ಚರ ಬೇಕು. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡ, ಮಿರಿಡ್ ತಿಗಣೆ ಸಾಯುತ್ತವೆ, ಹುಳು ಇನ್ನಷ್ಟು ಹೆಚ್ಚುತ್ತದೆ. ಇದೇ ಕಾರಣಕ್ಕೆ ಇಂಡೊನೇಷ್ಯಾ 1986ರಲ್ಲಿ 57 ಕೀಟನಾಶಕಗಳನ್ನು ಭತ್ತದಲ್ಲಿ ನಿಷೇಧಿಸಿತು. ಈ ಸಲ ನಾಟಿ ಮಾಡುವಾಗ ಎರಡೆರಡು ಮೀಟರಿಗೆ ಒಂದು ಅಡಿ ಜಾಗ ಬಿಡಿ, ಬುಡಕ್ಕೆ ಗಾಳಿ ಬೆಳಕು ಆಡಲಿ. ಯೂರಿಯಾ ಒಂದೇ ಸಲ ಸುರಿಯಬೇಡಿ. ವಾರಕ್ಕೊಮ್ಮೆ ಗದ್ದೆಗಿಳಿದು ಬುಡ ಬಿಡಿಸಿ ನೋಡಿ. ಹುಳು ಕಂಡರೆ ಮೊದಲು ನೀರು ಬಸಿಯಿರಿ.

ನೀವು ಹೊಡೆದ ಐದು ಔಷಧಗಳ ಹೆಸರನ್ನು ಪತ್ರದಲ್ಲಿ ಬರೆದಿಲ್ಲ. ಹೆಸರು, ಹೊಡೆದ ದಿನಾಂಕ, ಎಕರೆಗೆ ಹಾಕಿದ ಯೂರಿಯಾದ ಲೆಕ್ಕ ಬರೆದು ಕಳುಹಿಸಿ.