ನಿಲ್ಲಿಸಿದ ಅಣು ರಿಯಾಕ್ಟರ್‌ಗೂ ತಂಪು ನೀರು ಹರಿಸುತ್ತಲೇ ಇರಬೇಕಾ?

ಹೌದು, ಇರಲೇಬೇಕು. ನಮ್ಮ ಮಂಡ್ಯದ ಆಲೆಮನೆ ನೋಡಿದ್ದೀರಲ್ವಾ? ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವುದು ನಿಲ್ಲಿಸಿದರೂ ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಅನ್ನುತ್ತಲೇ ಇರುತ್ತದೆ. ಆದರೆ ರಿಯಾಕ್ಟರ್‌ನದು ಬರೀ ಉಳಿದ ಕಾವಲ್ಲ. ಯುರೇನಿಯಂ ಒಡೆಯುವುದು ನಿಂತರೂ, ಆಗಲೇ ಒಡೆದ ಚೂರುಗಳು ವಿಕಿರಣ ಸೂಸುತ್ತಾ ಹೊಸ ಶಾಖ ಹುಟ್ಟಿಸುತ್ತವೆ.

ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ಣ ಶಾಖದ ಸುಮಾರು 6-7%. ಒಂದು ದಿನ ಕಳೆದರೆ 0.5%ರ ಆಸುಪಾಸು. ಇಷ್ಟೇನಾ ಅನಿಸುತ್ತದೆ. ಆದರೆ ಕೈಗಾದ ಒಂದು ಘಟಕದ ವಿದ್ಯುತ್ತೇ 220 ಮೆಗಾವ್ಯಾಟ್, ಶಾಖ ಅದರ ಮೂರು ಪಟ್ಟಿಗಿಂತ ಜಾಸ್ತಿ. ಮಾರನೇ ದಿನವೂ ಒಂದೂವರೆ ಸಾವಿರ ಗೀಸರ್ ಒಟ್ಟಿಗೆ ಹಾಕಿದಷ್ಟು ಬಿಸಿ!

ಅದಕ್ಕೇ ಪಂಪುಗಳು, ಕರೆಂಟ್ ಹೋದರೆ ಡೀಸೆಲ್ ಜನರೇಟರ್‌ಗಳು. 2011ರಲ್ಲಿ ಫುಕುಶಿಮಾದ ರಿಯಾಕ್ಟರ್‌ಗಳು ಭೂಕಂಪಕ್ಕೆ ತಾವಾಗೇ ನಿಂತಿದ್ದವು. ಸುನಾಮಿ ನೀರು ಜನರೇಟರ್‌ಗಳಿಗೆ ನುಗ್ಗಿದ ಮೇಲೆ ಅನಾಹುತ ಆಯಿತು.

1993ರಲ್ಲಿ ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲೂ ಬೆಂಕಿ ಬಿದ್ದು ಕರೆಂಟ್ ಪೂರ್ತಿ ಹೋಗಿತ್ತು. ಸಿಬ್ಬಂದಿ ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದಲೇ ಸ್ಟೀಮ್ ಜನರೇಟರ್‌ಗೆ (ರಿಯಾಕ್ಟರ್ ಶಾಖದಿಂದ ನೀರನ್ನು ಹಬೆ ಮಾಡುವ ಭಾಗ) ನೀರು ಬಿಟ್ಟರು. ರಿಯಾಕ್ಟರ್‌ನಿಂದ ಶಾಖ ಹೊತ್ತು ತರುವ ಭಾರಜಲ (ಒಂದು ಬಗೆಯ ವಿಶೇಷ ನೀರು) ಬಿಸಿಯಾಗಿ ಮೇಲೇರಿ, ತಣ್ಣಗಾಗಿ ಇಳಿದು, ಪಂಪಿಲ್ಲದೆಯೇ ಸುತ್ತುತ್ತಿತ್ತು.