ಸಂಪಾದಕರ ಉತ್ತರ: ಬಿಲ್ ಬೇಕಾ, ಬೇಡ್ವಾ?

ಕಾರ್ಕಳದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರ ಪಕ್ಕದ ಮನೆಯವರಿಗೆ ಹಾರ್ಡ್‌ವೇರ್ ಅಂಗಡಿ ಇದೆ, ಅಂಗಳದಲ್ಲಿ ಕಾರು ಇದೆ, ಬಿಪಿಎಲ್ ಕಾರ್ಡೂ ಇದೆ. ಮನೆಯಲ್ಲಿ ಉಣ್ಣುವುದು ಕುಚ್ಚಲಕ್ಕಿ. ಹಾಗಾಗಿ ಸೊಸೈಟಿಯ, ಅಂದರೆ ರೇಷನ್ ಅಂಗಡಿಯ, ಬೆಳ್ತಿಗೆ (ಬಿಳಿ) ಅಕ್ಕಿ ತಂದು ಮಾರುತ್ತಾರಂತೆ. "ಮೂವತ್ತು ವರ್ಷ ಸಂಬಳದಲ್ಲೇ ತೆರಿಗೆ ಮುರಿಸಿಕೊಂಡವನು ನಾನು. ದೇಶ ಹಾಳಾಗುತ್ತಿರುವುದು ಇಂಥವರಿಂದ. ನೀವು ಯಾಕೆ ಬರೆಯುವುದಿಲ್ಲ?" ಎಂದು ಕೇಳಿದ್ದಾರೆ. ನಡುವೆ ಇನ್ನೊಂದು ಸಾಲು ಇದೆ: "ನಾವೂ ಸಾಮಾನು ಅಲ್ಲಿಂದಲೇ ತರುವುದು, ಬೇರೆ ಕಡೆಗಿಂತ ರೇಟು ಕಡಿಮೆ."

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸ್ವಂತಕ್ಕೆ ಕಾರು ಇದ್ದವರಿಗೆ, ವರ್ಷಕ್ಕೆ 1.20 ಲಕ್ಷ ರೂಪಾಯಿಗಿಂತ ಜಾಸ್ತಿ ಆದಾಯ ಇದ್ದವರಿಗೆ ಬಿಪಿಎಲ್ ಕಾರ್ಡ್ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಒಂದೊಂದು ರಾಜ್ಯಕ್ಕೂ ಇಷ್ಟೇ ಜನ ಎಂಬ ಮಿತಿ ಇದೆ. ಹಾಗಾಗಿ ಒಂದು ಸುಳ್ಳು ಕಾರ್ಡ್ ಒಬ್ಬ ಬಡವರ ಜಾಗವನ್ನು ತಿನ್ನುತ್ತದೆ. ಅದು ತಪ್ಪೇ, ಎರಡು ಮಾತಿಲ್ಲ.

ಆದರೆ ದೇಶ ಹಾಳಾದದ್ದು ಆ ಅಕ್ಕಿಯಿಂದ ಎಂದರೆ ನಾನು ಒಪ್ಪುವುದಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಮನೆಯಲ್ಲಿ ನಾಲ್ಕು ಜನ, ತಲೆಗೆ 10 ಕೆಜಿ ಎಂದೇ ಇಟ್ಟುಕೊಳ್ಳಿ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದಾಗ ರಾಜ್ಯ ಸರಕಾರ ಕೆಜಿಗೆ 34 ರೂಪಾಯಿಯಂತೆ ಹಣ ಕೊಟ್ಟಿತ್ತು. ಅದೇ ದರ ಹಿಡಿದರೆ ತಿಂಗಳಿಗೆ 1,360 ರೂಪಾಯಿ, ವರ್ಷಕ್ಕೆ 16,320.

ಈಗ ಮಂಗಳೂರಿನ ಒಂದು ಮನೆ ಮಾರಾಟ ನೋಡಿ. ಮಾತಾದದ್ದು 80 ಲಕ್ಷ, ಕಾಗದದಲ್ಲಿ 50 ಲಕ್ಷ, ಉಳಿದ 30 ಲಕ್ಷ ಕೈಯಿಂದ ಕೈಗೆ. ಸರಕಾರದ ಮಾರ್ಗಸೂಚಿ ದರಕ್ಕೂ ನಿಜವಾದ ರೇಟಿಗೂ ಇರುವ ಅಂತರದಲ್ಲೇ ಈ ವ್ಯವಹಾರ ನಡೆಯುವುದು. ಮುಚ್ಚಿಟ್ಟ 30 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ ಶೇ. 2. ಅಲ್ಲಿಗೆ 2.10 ಲಕ್ಷ ಹೋಯಿತು. ಮಾರಿದವರು ಕಟ್ಟಬೇಕಾಗಿದ್ದ ಬಂಡವಾಳ ಲಾಭದ ತೆರಿಗೆ ಶೇ. 12.5ರಂತೆ 3.75 ಲಕ್ಷ. ಒಟ್ಟು 5.85 ಲಕ್ಷ. ನಿಮ್ಮ ಪಕ್ಕದ ಮನೆಯವರು ಸುಮಾರು 36 ವರ್ಷ ಸೊಸೈಟಿ ಅಕ್ಕಿ ತಂದರೆ ಎಷ್ಟಾಗುತ್ತದೋ ಅಷ್ಟು, ಒಂದು ಮಧ್ಯಾಹ್ನದ ಸಹಿಯಲ್ಲಿ!

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯವರಿಗೆ ಬಿಪಿಎಲ್ ಕಾರ್ಡ್ ಸಿಕ್ಕಿದ್ದು ಹೇಗೆ? ಅವರ ಆದಾಯ ಕಾಗದದಲ್ಲಿ ಇಲ್ಲ, ಹಾಗೆ ಸಿಕ್ಕಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು. ಬಿಲ್ ಹಾಕದಿದ್ದರೆ ಅದು ದಾಟುವುದೇ ಇಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಹೀಗೆಯೇ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರ ಮನೆಗೆ ಅದು ಇಲ್ಲ, ಕದ್ದವರ ಮನೆಗೆ ಸಲೀಸಾಗಿ ಬರುತ್ತದೆ. ಕಾರ್ಡಿನ ಮೋಸ ಹುಟ್ಟಿದ್ದೇ ತೆರಿಗೆಯ ಮೋಸದ ಹೊಟ್ಟೆಯಲ್ಲಿ. ನೀವು ಮಗುವನ್ನು ಬೈದು ತಾಯಿಯನ್ನು ಬಿಟ್ಟಿದ್ದೀರಿ.

ಕಳೆದ ವರ್ಷ ಬಚ್ಚಲುಮನೆಗೆ ಟೈಲ್ಸ್ ತರಲು ಮಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದ. "ಬಿಲ್ ಬೇಕಾ, ಬೇಡ್ವಾ ಸರ್? ಬಿಲ್ ಆದ್ರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ." ಬೇಕು ಎಂದೆ. ಅವನು ಮೊದಲೇ ಬರೆದಿಟ್ಟ ಹಳದಿ ಚೀಟಿ ಮೇಲೆ 'ಎಸ್ಟಿಮೇಟ್' ಎಂದು ಇತ್ತು. ಅದನ್ನು ಹರಿದು ಬುಟ್ಟಿಗೆ ಹಾಕಿದ. ಬುಟ್ಟಿಯಲ್ಲಿ ಬೇರೆ ಚೀಟಿ ಒಂದೂ ಇರಲಿಲ್ಲ. ಕಂಪ್ಯೂಟರ್ ಆನ್ ಮಾಡಿ, ಒಳಗಿನಿಂದ ಯಾರನ್ನೋ ಕರೆದು ಬಿಲ್ ತೆಗೆಯುವಷ್ಟರಲ್ಲಿ ಇಪ್ಪತ್ತು ನಿಮಿಷ. ಹಿಂದೆ ನಿಂತವರು, "ಎಂತ ಮಾರಾಯ್ರೇ, ಸುಮ್ನೆ ಲೇಟ್ ಮಾಡ್ತೀರಿ" ಎಂದರು.

ಇದಾದ ಸ್ವಲ್ಪ ದಿನಕ್ಕೆ ನಮ್ಮೂರಿನ ಸೊಸೈಟಿಗೆ ಹೋಗಿದ್ದೆ. ಬೀಡಿ ಕಟ್ಟುವ ಒಬ್ಬ ಅಕ್ಕ ತಂಬ್ ಕೊಡುತ್ತಿದ್ದರು. ಮಿಷನ್ ತೆಗೆದುಕೊಳ್ಳಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿದರು, ನೀರು ಹಚ್ಚಿ ಒತ್ತಿದರು, ಬೇರೆ ಬೆರಳು ಇಟ್ಟರು. ನಾಲ್ಕು ಸಲ ಆಯಿತು. "ಅಕ್ಕಾ, ನಾಳೆ ಬನ್ನಿ." ಅವರು ಖಾಲಿ ಚೀಲ ಮಡಚಿಕೊಂಡು ನಡೆದರು. ಸೊಸೈಟಿಯ ಅಕ್ಕಿಗೆ ತಾನು ಕಳ್ಳಿಯಲ್ಲ ಎಂದು ಅವರು ಪ್ರತಿ ತಿಂಗಳು ಸಾಬೀತು ಮಾಡಬೇಕು. ಟೈಲ್ಸ್ ಅಂಗಡಿಯ ಧಣಿಯ ಬೆರಳನ್ನು ಯಾರೂ ಕೇಳುವುದಿಲ್ಲ. ಆ ಅಕ್ಕ ತೆರಿಗೆ ಕಟ್ಟುವುದಿಲ್ಲ ಎಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಂದು ದರ ಇಳಿಯುವವರೆಗೆ ಮೈಗೆ ಹಚ್ಚುವ ಸೋಪಿಗೂ ಶೇ. 18 ಜಿಎಸ್‌ಟಿ ಕೊಟ್ಟವರು ಅವರು. ನಿಮ್ಮಂತೆ ಅವರಿಗೂ ತಪ್ಪಿಸಿಕೊಳ್ಳುವ ದಾರಿ ಇಲ್ಲ.

2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗಳ ಮೇಲೆ ಕತ್ತರಿ ಆಡಿತಲ್ಲ, ಆಗ ಸಾಲಕ್ಕೆಂದು ಆದಾಯ ತೆರಿಗೆ ರಿಟರ್ನ್ ಹಾಕಿದ ಬಡವರೂ ಸಿಕ್ಕಿಬಿದ್ದರು. ಗಲಾಟೆಯಾಗಿ ಕಾರ್ಡ್ ವಾಪಸ್ ಕೊಡಬೇಕಾಯಿತು. ರಿಟರ್ನ್ ಹಾಕಿದವರು ಪೇಚಿಗೆ ಸಿಕ್ಕಿದರು, ಏನೂ ಹಾಕದವರು ಆರಾಮಾಗಿದ್ದರು.

ತೆರಿಗೆ ಜಾಸ್ತಿ, ಅದಕ್ಕೇ ಕದಿಯುತ್ತಾರೆ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಆ ಮಾತಿಗೆ ಬೆಲೆ ಇತ್ತು. 1973-74ರಲ್ಲಿ ಆದಾಯ ತೆರಿಗೆಯ ಅತಿ ಮೇಲಿನ ದರ, ಸರ್‌ಚಾರ್ಜ್ ಸೇರಿ, ಶೇ. 97.75. ಈಗ ಮೇಲಿನ ದರ, ಸರ್‌ಚಾರ್ಜ್ ಬಿಟ್ಟು, ಶೇ. 30. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಆದರೂ ಹಳದಿ ಚೀಟಿ ನಿಂತಿಲ್ಲ, ಅಲ್ವಾ?

ನನಗೆ ಹೆಚ್ಚು ನೋವಾಗುವುದು ಮರ್ಯಾದೆಯ ವಿಷಯದಲ್ಲಿ. ಅಕ್ಕಿ ಮಾರಿದವರನ್ನು ಊರು ಕಳ್ಳ ಎನ್ನುತ್ತದೆ. ಎರಡು ಲೆಕ್ಕದ ಪುಸ್ತಕ ಇಟ್ಟವರನ್ನು ದೇವಸ್ಥಾನದ ಬ್ರಹ್ಮಕಲಶದ ಸಮಿತಿಗೆ ಗೌರವಾಧ್ಯಕ್ಷರನ್ನಾಗಿ ಮಾಡುತ್ತದೆ, ಫ್ಲೆಕ್ಸಿನಲ್ಲಿ ಕೈ ಮುಗಿದು ನಿಲ್ಲಿಸುತ್ತದೆ. ಇದು ಹೀಗೆ ಇರಬೇಕಾದ ಊರಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಪಿಗ್ಮಿ ಉಳಿತಾಯಕ್ಕೆ ದಿನಕ್ಕೆ ಎರಡಾಣೆ ಹಾಕಿ, ಅದನ್ನೂ ಪುಸ್ತಕದಲ್ಲಿ ಬರೆಸಿಕೊಂಡ ಜನ ನಮ್ಮವರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯ ಸರಕಾರಿ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟವರು. ಇವತ್ತು ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋಗಿ ನೋಡಿ. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದ ಬಂದವರು ಚೀಟಿ ಹಿಡಿದು ಕಾಯುತ್ತಿರುತ್ತಾರೆ. ಬಾರದ ತೆರಿಗೆ ಎಂದರೆ ಅಲ್ಲಿ ಇಲ್ಲದ ನರ್ಸು, ಅಲ್ಲಿ ಇಲ್ಲದ ಬೆಡ್ಡು.

ನಿಮ್ಮ ಪಕ್ಕದ ಮನೆಯವರ ಹೆಸರು ಹಾಕಿ ಎಂದು ಕೊನೆಗೆ ಬರೆದಿದ್ದೀರಿ. ಹಾಕುವುದಿಲ್ಲ. ಕಾರ್ಡಿನ ವಿಷಯವನ್ನು ಆಹಾರ ಇಲಾಖೆಗೆ ತಿಳಿಸಿ, ಅದು ನಿಮ್ಮ ಹಕ್ಕು. ನಾನು ಕೇಳುವುದು ಬೇರೆ. ಮೂವತ್ತು ವರ್ಷ ಒಂದು ಪೈಸೆ ಮುಚ್ಚಿಡದೆ ತೆರಿಗೆ ಕಟ್ಟಿದವರು ನೀವು, ನಿಮ್ಮಂಥವರನ್ನೇ ಕೇಳಬೇಕು. ಆ ಅಂಗಡಿಯಲ್ಲಿ ರೇಟು ಕಡಿಮೆ ಎಂದಿರಲ್ಲ, ಕೊನೆಯ ಸಲ ಸಾಮಾನು ತಂದಾಗ ಬಿಲ್ ಕೇಳಿದಿರಾ? ಮುಂದಿನ ಪತ್ರದಲ್ಲಿ ಬರೆಯಿರಿ, ಅದನ್ನೂ ಹಾಕುತ್ತೇವೆ.